ಬಾಗಿಲಕ್ಕನ ಬೆಂಚು

ಆ ಕ್ಲಿನಿಕ್ಕಿನಲ್ಲಿ ಡಾಕ್ಟರ ಮೇಲೆ ಜನಕ್ಕೆ ನಂಬಿಕೆ ಇತ್ತು, ಬಾಗಿಲ ಪಕ್ಕ ಕೂರುತ್ತಿದ್ದ ಹೆಂಗಸಿನ ಮೇಲೆ ಭಯ ಇತ್ತು. ಅವಳು ನರ್ಸೂ ಅಲ್ಲ, ಕಾಂಪೌಂಡರೂ ಅಲ್ಲ. ಬಾಗಿಲು ತೆಗೆಯುವುದು, ಹಾಕುವುದು, ಫೋನ್ ಎತ್ತುವುದು, ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುವುದು, ಚಪ್ಪಲಿ ಕಾಲಲ್ಲೇ ತೂಕದ ಯಂತ್ರ ಹತ್ತಿದವರನ್ನು ಕೆಳಗಿಳಿಸುವುದು, ಇಷ್ಟು ಅವಳ ಕೆಲಸ. ಆದರೆ ಡಾಕ್ಟರ ಮುಖ ಕಾಣಬೇಕಾದರೆ ಅವಳ ಮೇಜು ದಾಟಿಯೇ ಹೋಗಬೇಕು. ಹಾಗಾಗಿ ಎಲ್ಲರಿಗೂ ಅವಳು ಬಾಗಿಲಕ್ಕ. ಹುಟ್ಟಿದಾಗ ಇಟ್ಟ ಹೆಸರನ್ನು ಕರೆದರೆ ಅವಳು ತಿರುಗಿ ನೋಡುತ್ತಿದ್ದಳೋ ಇಲ್ಲವೋ ಅನುಮಾನ.

ಕ್ಲಿನಿಕ್ ದೊಡ್ಡದೇನಲ್ಲ. ಬೀಗದ ಅಂಗಡಿಗೂ ಬೇಕರಿಗೂ ನಡುವೆ ಸಿಕ್ಕಿಕೊಂಡ ಎರಡು ಕೋಣೆ. ಹೊರಗಿನ ಕೋಣೆಯಲ್ಲಿ ಎದುರುಬದುರು ಎರಡು ಉದ್ದ ಬೆಂಚು, ಗೊಣಗುತ್ತ ತಿರುಗುವ ಒಂದು ಫ್ಯಾನು, ಬಾಗಿಲಕ್ಕನ ಮೇಜು. ಒಳಗಿನ ಕೋಣೆಯಲ್ಲಿ ಡಾಕ್ಟರು, ಅವರ ಕುರ್ಚಿ, ಹಸಿರು ಪರದೆಯ ಹಿಂದೆ ರೋಗಿ ಮಲಗುವ ಮಂಚ. ಮೊದಲು ಆ ಸುತ್ತಿನಲ್ಲಿ ಬೇರೆ ಡಾಕ್ಟರೂ ಇದ್ದರು. ಒಬ್ಬರು ತೀರಿಕೊಂಡರು, ಇನ್ನೊಬ್ಬರು ದೊಡ್ಡಾಸ್ಪತ್ರೆಯ ಕೆಲಸ ಸಿಕ್ಕಿತೆಂದು ಬೋರ್ಡು ಕಿತ್ತುಕೊಂಡು ಹೋದರು. ಅವರ ರೋಗಿಗಳೆಲ್ಲ ಇಲ್ಲಿಗೇ ಬಂದು ಬಿದ್ದರು. ದೊಡ್ಡಾಸ್ಪತ್ರೆಗೆ ಹೋಗುವುದಕ್ಕೂ ಈ ಡಾಕ್ಟರು ಬರೆದ ಚೀಟಿ ಬೇಕು. ಇಲ್ಲದಿದ್ದರೆ ಅಲ್ಲಿಯವರು ಮುಖ ಎತ್ತಿಯೂ ನೋಡುವುದಿಲ್ಲ. ಡಾಕ್ಟರಿಗೆ ವಯಸ್ಸಾಗಿತ್ತು, ಮಂಡಿ ಮಾತು ಕೇಳುತ್ತಿರಲಿಲ್ಲ, ಆದರೂ ಬಂದವರನ್ನು ವಾಪಸ್ ಕಳಿಸು ಎನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಅದನ್ನು ಬಾಗಿಲಕ್ಕನೇ ಹೇಳಬೇಕು, ಬೈಗುಳ ಅವಳೇ ತಿನ್ನಬೇಕು.

ಮೊದಲು ಟೋಕನ್ ಇತ್ತು. ಟೋಕನ್ನಿಗಾಗಿ ಜನ ಬೆಳಗ್ಗೆ ಕೋಳಿ ಕೂಗುವ ಮೊದಲೇ ಬಂದು ಮೆಟ್ಟಿಲ ಮೇಲೆ ಚೀಲ ಇಟ್ಟು ಹೋಗುತ್ತಿದ್ದರು. ಚೀಲಕ್ಕೂ ಚೀಲಕ್ಕೂ ಜಗಳ. ಮೊದಲು ಬಂದವನಿಗೆ ಕಾಲಿನ ಆಣಿ, ಕೊನೆಗೆ ಬಂದವನಿಗೆ ಎದೆನೋವು. ಆದರೆ ಆಣಿಯವನು ತನ್ನ ಟೋಕನ್ನನ್ನು ಹಣೆಗೆ ಅಂಟಿಸಿಕೊಳ್ಳುವುದೊಂದು ಬಾಕಿ. ಒಂದು ದಿನ ಎದೆ ಹಿಡಿದುಕೊಂಡು ಬಂದವನೊಬ್ಬ ಬೆಂಚಿನ ಮೇಲೇ ವಾಲಿದ. ಪುಣ್ಯಕ್ಕೆ ಉಳಿದ. ಅವತ್ತು ಬಾಗಿಲಕ್ಕನ ತಲೆ ಕೆಟ್ಟುಹೋಯಿತು. ಟೋಕನ್ನುಗಳನ್ನೆಲ್ಲ ಬಾಚಿ ಡ್ರಾಯರಿಗೆ ಸುರಿದು, ಇನ್ನು ಮೇಲೆ ಯಾರ ಕಷ್ಟ ಹೆಚ್ಚೋ ಅವರು ಮೊದಲು, ಯಾರದ್ದು ಹೆಚ್ಚು ಅಂತ ನೀವು ನೀವೇ ತೀರ್ಮಾನ ಮಾಡಿಕೊಳ್ಳಿ, ನನ್ನ ಜೀವ ತಿನ್ನಬೇಡಿ ಎಂದುಬಿಟ್ಟಳು.

ಸಿಟ್ಟಿನಲ್ಲಿ ಆಡಿದ ಮಾತು ಕಾನೂನಾಗಿ ನಿಂತಿತು. ಬಂದವರು ಬೆಂಚಿನಲ್ಲಿ ಕೂರಬೇಕು, ತಮ್ಮ ಬೇನೆ ಏನೆಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಬೆಂಚು ಕೇಳಿ, ತೂಗಿ, ಒಳಗೆ ಕಳಿಸಬೇಕು. ಜನ ಮೊದಮೊದಲು ಮುಖ ಹಿಂಡಿದರು, ಆಮೇಲೆ ರುಚಿ ಹತ್ತಿತು. ನಿವೃತ್ತ ಪೋಸ್ಟ್ ಮಾಸ್ತರರು ಯಾರೂ ಕೇಳದೆಯೇ ನ್ಯಾಯಾಧೀಶರಾದರು. ಜ್ವರ ಎಷ್ಟು ದಿನದ್ದು, ವಾಂತಿಯ ಬಣ್ಣ ಯಾವುದು ಎಂದು ಕನ್ನಡಕ ಮೂಗಿನ ತುದಿಗಿಳಿಸಿ ವಿಚಾರಣೆ ಮಾಡುತ್ತಿದ್ದರು. ಕೆಮ್ಮಜ್ಜಿ ಎಂದೇ ಹೆಸರಾದ ಮುದುಕಿಯೊಬ್ಬಳು ತನ್ನ ಕೆಮ್ಮಿಗೆ ಯಾವತ್ತೂ ಮೊದಲ ಸ್ಥಾನ ಸಿಗುವುದಿಲ್ಲವೆಂದು ಗೊಣಗುತ್ತಲೇ ಎಲ್ಲರ ಕೇಸಿನಲ್ಲೂ ಮೂಗು ತೂರಿಸುತ್ತಿದ್ದಳು. ಜಗಳ ನಿಂತವು. ಮಗುವಿಗೆ ಉಸಿರು ಕಟ್ಟುತ್ತಿದೆ ಎಂದರೆ ಬೆಂಚಿಗೆ ಬೆಂಚೇ ಎದ್ದು ದಾರಿ ಬಿಡುತ್ತಿತ್ತು. ಡಾಕ್ಟರು ಕೂಡ, ನೀನು ನನಗಿಂತ ಜಾಣೆ ಬಿಡಮ್ಮ ಎಂದಿದ್ದರು. ಆ ಮಾತನ್ನು ಬಾಗಿಲಕ್ಕ ಒಳಗೊಳಗೇ ಮೆಲುಕು ಹಾಕುತ್ತಿದ್ದಳು. ಅವಳ ಬದುಕಿನಲ್ಲಿ ಮೆಲುಕು ಹಾಕುವಂಥದ್ದು ಬೇರೆ ಹೆಚ್ಚೇನೂ ಇರಲಿಲ್ಲ.

ಇನ್ನೊಂದು ಕಾನೂನು ಮನೆಯದು. ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನ ಮನೆಯಲ್ಲೇ ಇದ್ದಳು. ಅಣ್ಣ ಲಾರಿ ಡ್ರೈವರ್, ವಾರದಲ್ಲಿ ಮನೆಯಲ್ಲಿರುವುದಕ್ಕಿಂತ ದಾರಿಯಲ್ಲಿರುವುದೇ ಹೆಚ್ಚು. ಅವನ ಮಗಳು ಮದುವೆಯಾಗಿ ದೂರ ಹೋಗಿದ್ದಳು. ಉಳಿದವರು ಅತ್ತಿಗೆ, ನಾದಿನಿ ಇಬ್ಬರೇ. ಬಾಗಿಲಕ್ಕ ಕೆಲಸ ಮುಗಿಸಿ ಬಂದರೆ ದಾರಿಯಲ್ಲೇ ಯಾರೋ ಹಿಡಿದು ನಾಲಗೆ ಚಾಚಿ ತೋರಿಸುತ್ತಿದ್ದರು, ಇನ್ಯಾರೋ ಮನೆ ಮೆಟ್ಟಿಲಿಗೇ ಬಂದು ಹುಣ್ಣು ಬಿಚ್ಚುತ್ತಿದ್ದರು. ದಿನವಿಡೀ ಬೇನೆಯ ಮಾತು ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು. ಒಂದು ಸಂಜೆ ಅತ್ತಿಗೆ ಪಾಪ, ಸೊಂಟ ಯಾಕೋ ಹಿಡಿದುಕೊಂಡಿದೆ ಎಂದು ಬಾಯಿ ತೆಗೆದಿದ್ದಕ್ಕೆ ಬಾಗಿಲಕ್ಕ ಸಿಡುಕಿದಳು. ಈ ಹೊಸ್ತಿಲೊಳಗೆ ಯಾರೂ ನನ್ನ ಹತ್ತಿರ ಕಾಯಿಲೆ ಮಾತು ಎತ್ತಬಾರದು, ಏನಿದ್ದರೂ ಕ್ಲಿನಿಕ್ಕಿಗೆ ಬನ್ನಿ, ಎಲ್ಲರ ಹಾಗೆ ಬೆಂಚಿನಲ್ಲಿ ಕೂತುಕೊಳ್ಳಿ, ನನ್ನವರು ಅಂತ ನಾನು ಯಾರನ್ನೂ ಒಳಗೆ ನುಗ್ಗಿಸುವವಳಲ್ಲ ಎಂದಳು. ಅತ್ತಿಗೆ ಸರಿ ಎಂದು ತಲೆಯಾಡಿಸಿ ಟೀ ಸೋಸಿದಳು.

ಈ ಅತ್ತಿಗೆಯ ಸ್ವಭಾವವೇ ಅಂಥದ್ದು. ಹೋಟೆಲೊಂದರ ಲಾಂಡ್ರಿಯಲ್ಲಿ ಅವಳ ಕೆಲಸ; ದಿನವಿಡೀ ಹಬೆಯಲ್ಲಿ ನಿಂತು ಹಾಸಿಗೆಯ ಬಿಳಿ ಚಾದರಗಳಿಗೆ ಇಸ್ತ್ರಿ ಹಾಕಿ ಮಡಿಸುವುದು. ಮನೆಗೆ ಬಂದರೆ ಮತ್ತೆ ಕೆಲಸ. ಯಾರೇ ಆಗಲಿ, ಸ್ವಲ್ಪ ಏಳಿ ಎಂದರೆ ಎದ್ದುಬಿಡುವವಳು, ಯಾಕೆ ಎಂದು ಕೇಳುವವಳಲ್ಲ. ಬಾಗಿಲಕ್ಕ ಗಂಡನನ್ನು ಕಳೆದುಕೊಂಡು ಬಂದ ದಿನ, ಇದು ನಿನ್ನ ಮನೆ, ಎಷ್ಟು ದಿನ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಕಳಿಸು ಎಂದವಳೂ ಅವಳೇ. ಬಾಗಿಲಕ್ಕನಿಗೆ ಅತ್ತಿಗೆಯ ಮೇಲೆ ಪ್ರಾಣ. ಆದರೆ ಪ್ರಾಣ ಇದೆ ಎಂದು ತೋರಿಸುವಷ್ಟು ತ್ರಾಣ ಸಂಜೆಯ ಹೊತ್ತಿಗೆ ಉಳಿದಿರುತ್ತಿರಲಿಲ್ಲ.

ಆಮೇಲೆ ಅತ್ತಿಗೆ ಕ್ಲಿನಿಕ್ಕಿಗೆ ಬರಲು ಶುರು ಮಾಡಿದಳು. ಲಾಂಡ್ರಿ ಬಿಟ್ಟ ಮೇಲೆ ನೇರ ಬಂದು ಮೂಲೆಯಲ್ಲಿ, ಬೆಂಚಿನ ತುದಿಯಲ್ಲಿ, ಕಪ್ಪು ಬಟ್ಟೆಯಲ್ಲಿ, ತೊಡೆಯ ಮೇಲೆ ಒಂದು ಕೈಚೀಲ ಇಟ್ಟುಕೊಂಡು ಕೂರುವಳು. ಪೋಸ್ಟ್ ಮಾಸ್ತರರು ನಿಮ್ಮದೇನಮ್ಮ ಎಂದರೆ, ನನ್ನದೇನು ದೊಡ್ಡದಲ್ಲ, ಬಿಪಿ ನೋಡಿಸಬೇಕಿತ್ತು, ಅವರು ಹೋಗಲಿ ಎನ್ನುವಳು. ಬಿಪಿಗೆ ಬೆಂಚಿನ ತಕ್ಕಡಿಯಲ್ಲಿ ತೂಕವೆಲ್ಲಿಯದು? ಎಲ್ಲರೂ ಅವಳನ್ನು ದಾಟಿ ಹೋಗುವರು. ಎಷ್ಟೋ ಸಂಜೆ ಅವಳ ಸರದಿಯೇ ಬರದೆ ಬಾಗಿಲು ಹಾಕಿದ್ದುಂಟು. ಬಂದರೂ ಕಟ್ಟಕಡೆಗೆ. ಡಾಕ್ಟರು ಅಷ್ಟು ಹೊತ್ತಿಗೆ ಹಿಂಡಿದ ಬಟ್ಟೆಯಾಗಿರುತ್ತಿದ್ದರು. ತೋಳಿಗೆ ಪಟ್ಟಿ ಸುತ್ತಿ, ಚೆನ್ನಾಗಿದೆಯಮ್ಮ, ಮತ್ತೆಲ್ಲ ಸರಿ ತಾನೆ ಎನ್ನುವರು. ಎಲ್ಲ ಸರಿ ಎಂದು ಅವಳು ಎದ್ದು ಬರುವಳು. ಬೆಂಚಿನವರಿಗೆ ಅವಳೆಂದರೆ ಬಹಳ ಗೌರವ. ಹೆಂಗಸು ಎಂದರೆ ಹೀಗಿರಬೇಕು, ನಾದಿನಿ ಬಾಗಿಲಲ್ಲೇ ಕೂತಿದ್ದರೂ ಒಂದು ದಿನ ನುಗ್ಗಿದವಳಲ್ಲ ಎಂದು ಕೆಮ್ಮಜ್ಜಿ ಕೆಮ್ಮಿನ ನಡುವೆಯೇ ಹೊಗಳುತ್ತಿದ್ದಳು.

ಬಾಗಿಲಕ್ಕನಿಗೆ ಮಾತ್ರ ಕಿರಿಕಿರಿ. ಬಿಪಿ ನೆಟ್ಟಗಿದೆ ಎಂದು ಡಾಕ್ಟರು ಹೇಳಿದ ಮೇಲೂ ಮತ್ತೆ ಮತ್ತೆ ಬಂದು ಕೂರುವುದೇಕೆ? ಫ್ಯಾನಿನ ಗಾಳಿಗೋ, ಮಾತಿನ ಚಪಲಕ್ಕೋ, ಅವಳಿಗೆ ಅರ್ಥವಾಗಲಿಲ್ಲ. ಒಂದು ಸಂಜೆ ನಿಲ್ಲಲೂ ಜಾಗವಿಲ್ಲದಷ್ಟು ಜನ. ಬಸುರಿ ಹೆಂಗಸೊಬ್ಬಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅತ್ತಿಗೆ ಎದ್ದು ಜಾಗ ಕೊಟ್ಟಳು ನಿಜ, ಅಷ್ಟರಲ್ಲಿ ಬಾಗಿಲಕ್ಕನ ಬಾಯಿಂದ ಮಾತು ಜಾರಿತ್ತು.

"ಕಾಯಿಲೆ ಇಲ್ಲದವರೂ ಬಂದು ಬೆಂಚು ಹಿಡ್ಕೊಂಡ್ರೆ ಇರೋರು ಎಲ್ಲಿ ಕೂರ್ಬೇಕು ಅತ್ತಿಗೆ?"

ಅತ್ತಿಗೆಯ ಮುಖ ಸಣ್ಣಗಾಯಿತು. ಕೂತಿದ್ದ ಜಾಗವನ್ನು ಒಮ್ಮೆ ಕೈಯಿಂದ ಸವರಿ, ಕೈಚೀಲ ಎತ್ತಿಕೊಂಡು ಹೊರಟುಹೋದಳು. ಬಾಗಿಲಕ್ಕ ನಾಲಗೆ ಕಚ್ಚಿಕೊಂಡಳು. ಆದರೆ ಅದೇ ಗಳಿಗೆಗೆ ಫೋನ್ ಬಂತು, ಒಳಗಿಂದ ಡಾಕ್ಟರು ಕೂಗಿದರು, ಒಂದು ಮಗು ನೆಲದ ಮೇಲೆಲ್ಲ ವಾಂತಿ ಮಾಡಿತು. ಮನೆಗೆ ಹೋದಾಗ ಅತ್ತಿಗೆ ಎಂದಿನಂತೆ ಟೀ ಕೊಟ್ಟಳು, ಅದರಲ್ಲಿ ಎಂದಿನಷ್ಟೇ ಸಕ್ಕರೆ ಇತ್ತು. ಸಿಟ್ಟಿಲ್ಲ ಬಿಡು ಎಂದುಕೊಂಡು ಬಾಗಿಲಕ್ಕ ಕಾಲು ಚಾಚಿದಳು. ಅತ್ತಿಗೆ ಮತ್ತೆ ಕ್ಲಿನಿಕ್ಕಿನ ಕಡೆ ಬರಲಿಲ್ಲ.

ಸ್ವಲ್ಪ ದಿನ ಕಳೆದ ಮೇಲೆ ಶಾಲೆಯ ವ್ಯಾನ್ ಓಡಿಸುವವನೊಬ್ಬ ಬಂದ. ಬಾಗಿಲು ತುಂಬುವಂಥ ಆಳು, ದಪ್ಪ ಮೀಸೆ. ಬೆಂಚಿನಲ್ಲಿ ಜಾಗ ಇದ್ದರೂ ನಿಂತೇ ಇದ್ದ. ಪೋಸ್ಟ್ ಮಾಸ್ತರರು ವಿಚಾರಣೆ ಶುರು ಮಾಡಿದರು. ಅವನು ಡಾಕ್ಟರ ಹತ್ತಿರವೇ ಹೇಳುತ್ತೇನೆ ಎಂದ. ಹಾಗಾಗುವುದಿಲ್ಲಪ್ಪ, ಇಲ್ಲಿ ಎಲ್ಲರೂ ಹೇಳಲೇಬೇಕು, ಹೇಳದಿದ್ದರೆ ನಿನ್ನದು ಹೆಚ್ಚೋ ಕಡಿಮೆಯೋ ನಮಗೆ ಹೇಗೆ ಗೊತ್ತಾಗಬೇಕು ಎಂದರು ಮಾಸ್ತರರು. ಯಾರೋ ನಕ್ಕರು. ಕೂರುವುದಿಲ್ಲ ಅಂದ ಮೇಲೆ ಎಲ್ಲಿ ನೋವು ಅಂತ ಗೊತ್ತಾಯಿತು ಬಿಡಿ ಎಂದು ಇನ್ಯಾರೋ ಒಗ್ಗರಣೆ ಹಾಕಿದರು. ವ್ಯಾನಿನವನ ಮುಖ ಕಿವಿಯವರೆಗೂ ಕೆಂಪಾಯಿತು. ಅವನು ಬೆಂಚನ್ನು ನೋಡಲಿಲ್ಲ, ಬಾಗಿಲಕ್ಕನ ಮೇಜಿಗೆ ಬಗ್ಗಿ ಸಣ್ಣ ದನಿಯಲ್ಲಿ ಕೇಳಿದ.

"ಬಾಯಿ ಬಿಟ್ಟು ಹೇಳೋಕಾಗದ ಕಾಯಿಲೆಯವರು ಎಲ್ಲಿಗೆ ಹೋಗ್ಬೇಕಕ್ಕ?"

ಉತ್ತರಕ್ಕೆ ಕಾಯದೆ ಹೊರಟ. ಬಾಗಿಲಕ್ಕ ಎದ್ದು ಬೀದಿಯವರೆಗೆ ಹೋಗಿ ಕರೆದಳು, ವ್ಯಾನು ಆಗಲೇ ತಿರುವಿನಲ್ಲಿತ್ತು. ವಾಪಸ್ ಬಂದು ಕೂತಳು. ಬೆಂಚು ಇನ್ನೂ ನಗುತ್ತಿತ್ತು. ಅವಳ ಕಣ್ಣು ತಾನಾಗಿ ಮೂಲೆಗೆ, ಬೆಂಚಿನ ತುದಿಗೆ ಹೋಯಿತು. ಅತ್ತಿಗೆ ಅವತ್ತು ಎದ್ದು ಹೋಗುವಾಗ ಕೂತಿದ್ದ ಜಾಗವನ್ನು ಕೈಯಿಂದ ಯಾಕೆ ಸವರಿದಳು? ಧೂಳು ಒರೆಸಿದಳು ಎಂದುಕೊಂಡಿದ್ದಳು. ಎದ್ದ ಮೇಲೆ ಯಾರಾದರೂ ಧೂಳು ಒರೆಸುತ್ತಾರೆಯೇ?

ಒಂದು ನೆನಪಾದ ಮೇಲೆ ಉಳಿದವು ಸಾಲುಗಟ್ಟಿ ಬಂದವು. ಅತ್ತಿಗೆ ಈಚೆಗೆ ಕಪ್ಪು ಬಟ್ಟೆಯನ್ನೇ ಉಡುತ್ತಿದ್ದಾಳೆ. ಮನೆಯಲ್ಲಿ ಬಟ್ಟೆ ಹೊದಿಸಿದ ಕುರ್ಚಿ ಬಿಟ್ಟು ಮರದ ಮಣೆಯ ಮೇಲೆ ಕೂರುತ್ತಾಳೆ. ಕೇಳಿದರೆ ಸೊಂಟಕ್ಕೆ ಗಟ್ಟಿ ಜಾಗವೇ ಒಳ್ಳೆಯದು ಎನ್ನುತ್ತಾಳೆ. ಎಲ್ಲರಿಗಿಂತ ಮೊದಲು ಎದ್ದು ತನ್ನ ಬಟ್ಟೆ ತಾನೇ ಒಗೆದು ಹಾಕಿರುತ್ತಾಳೆ. ಕೈಚೀಲ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಮೊನ್ನೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು ನಿಂತಿದ್ದಳು, ಮುಖ ಅವಳೇ ಇಸ್ತ್ರಿ ಹಾಕಿದ ಚಾದರದ ಬಣ್ಣಕ್ಕೆ ಬಂದಿತ್ತು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೆ ಒಂದು ದಿನವೂ ತಡಮಾಡಬಾರದಮ್ಮ ಎಂದು ಡಾಕ್ಟರು ಬಂದ ಹೆಂಗಸರಿಗೆಲ್ಲ ಹೇಳುವುದನ್ನು ಬಾಗಿಲಕ್ಕ ಪರದೆಯಾಚೆಯಿಂದ ಎಷ್ಟು ಸಲ ಕೇಳಿಲ್ಲ! ಜಡ್ಡುಗಟ್ಟಿದ ಕಿವಿಗೆ ಅದು ಫ್ಯಾನಿನ ಗೊಣಗಾಟದ ಜೊತೆ ಸೇರಿಹೋಗಿತ್ತು. ಈಗ ಅದೊಂದೇ ಕೇಳಿಸುತ್ತಿತ್ತು.

ಅವತ್ತು ಮನೆಗೆ ಹೋದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. ಅತ್ತಿಗೆ ಒಲೆಯ ಮುಂದೆ ನಿಂತಿದ್ದಳು. ತಿರುಗಲಿಲ್ಲ. ಹಾಲು ಉಕ್ಕಿ ಬಂದ ಮೇಲೆ ಒಲೆ ಆರಿಸಿ, ಹೂಂ ಎಂದಳು. ಯಾವಾಗಿನಿಂದ ಎಂದರೆ, ಚಳಿಗಾಲದಿಂದ ಎಂದಳು. ಈಗ ಬೇಸಿಗೆ ಮುಗಿಯುತ್ತ ಬಂದಿತ್ತು. ಬಾಗಿಲಕ್ಕನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಒಂದೇ ಸೂರಿನ ಕೆಳಗಿದ್ದು ನನಗೊಂದು ಮಾತು ಹೇಳಬಾರದಿತ್ತೇ ಎಂದು ಕೇಳಿಯೇಬಿಟ್ಟಳು.

"ಮನೇಲಿ ಕಾಯಿಲೆ ಮಾತು ಎತ್ತಬಾರ್ದು ಅಂದಿದ್ದೆಯಲ್ಲ," ಎಂದಳು ಅತ್ತಿಗೆ. ದನಿಯಲ್ಲಿ ದೂರಿರಲಿಲ್ಲ. "ಅಲ್ಲಿಗೆ ಬಂದೆ. ಅಲ್ಲಿ ಮಾಸ್ತರರ ಮುಂದೆ ಹೇಗೆ ಹೇಳ್ಲಿ? ಅವರ ಸೊಸೆ ನನ್ನ ಜೊತೆ ಲಾಂಡ್ರಿಯಲ್ಲಿ ಇದ್ದಾಳೆ."

ಬಾಗಿಲಕ್ಕ ಮಣೆಯ ಮೇಲೆ ಕುಸಿದಳು. ಎರಡು ಬಾಗಿಲು, ಎರಡನ್ನೂ ತಾನೇ ಹಾಕಿದ್ದು. ಮನೆಯದಕ್ಕೆ ಸುಸ್ತು ನೆಪ, ಕ್ಲಿನಿಕ್ಕಿನದಕ್ಕೆ ನ್ಯಾಯ ನೆಪ. ನಾಳೆ ನಾನೇ ಒಳಗೆ ಕರೆದುಕೊಂಡು ಹೋಗುತ್ತೇನೆ ಎಂದಳು. ಅತ್ತಿಗೆ ಒಪ್ಪಲಿಲ್ಲ. ನಿನ್ನ ಹೆಸರು ಕೆಡುತ್ತದೆ, ನನಗೋಸ್ಕರ ಕಾನೂನು ಮುರಿದೆ ಅಂತ ನಾಳೆ ಎಲ್ಲರೂ ನಿನ್ನ ತಲೆಯ ಮೇಲೆ ಕೂರುತ್ತಾರೆ, ಅದೂ ಅಲ್ಲದೆ ಏನು ಕಾಯಿಲೆ ಅಂತ ಕೇಳದೆ ಬಿಡುತ್ತಾರೆಯೇ ಎಂದಳು. ಡಾಕ್ಟರ ಮನೆಗೇ ಹೋಗೋಣವೆಂದರೆ ಅವರ ಹೆಂಡತಿ ಹಾಸಿಗೆ ಹಿಡಿದಿದ್ದರು, ಮನೆಗೆ ಯಾರೂ ಬರಬಾರದೆಂದು ಜನರನ್ನೆಲ್ಲ ತಡೆದವಳೂ ಬಾಗಿಲಕ್ಕನೇ. ಬೇರೆ ಡಾಕ್ಟರ ಮಾತು ಎತ್ತಿದರೆ ಅತ್ತಿಗೆ ಬೇಡವೇ ಬೇಡ ಎಂದಳು. ಮಗಳು ಹುಟ್ಟಿದಾಗಿನಿಂದ ಆ ಮನೆಯ ಜ್ವರ ನೆಗಡಿಗಳನ್ನೆಲ್ಲ ಕಂಡವರು ಇವರೊಬ್ಬರೇ. ಹೇಳಿದರೆ ಇವರಿಗೆ ಹೇಳಬೇಕು, ಇಲ್ಲದಿದ್ದರೆ ಇಲ್ಲ.

ಕೊನೆಗೆ ಬಾಗಿಲಕ್ಕನ ಹಟಕ್ಕೆ ಸೋತು ಮರುದಿನ ಅತ್ತಿಗೆ ಲಾಂಡ್ರಿಗೆ ರಜೆ ಹಾಕಿದಳು. ಬಾಗಿಲಕ್ಕ ಅವಳ ಕೈ ಹಿಡಿದೇ ಕ್ಲಿನಿಕ್ಕಿಗೆ ಬಂದಳು. ಬಾಗಿಲು ತೆಗೆದದ್ದೇ ಬೆಂಚು ತುಂಬಿತು. ಡಾಕ್ಟರು ಬಂದು ಕೂತಿದ್ದೇ ತಡ, ಬಾಗಿಲಕ್ಕ ಮೇಜಿನ ಮುಂದೆ ಕೂರದೆ ಅತ್ತಿಗೆಯನ್ನು ಕರೆದುಕೊಂಡು ಒಳಬಾಗಿಲ ಕಡೆ ನಡೆದಳು. ಮಾಸ್ತರರು ಗಂಟಲು ಸರಿಮಾಡಿಕೊಂಡರು. ಇದೇನಮ್ಮ, ನೀವೇ ಹೀಗೆ ಮಾಡಿದರೆ ಹೇಗೆ, ಏನು ಎತ್ತ ಅಂತ ಬೆಂಚಿಗೆ ಗೊತ್ತಾಗಬೇಡವೇ ಎಂದರು. ಅವರ ಮಾತಿನಲ್ಲಿ ದುರುದ್ದೇಶ ಇರಲಿಲ್ಲ. ಅವಳೇ ಕಲಿಸಿದ ಪಾಠ ಅದು. ಅತ್ತಿಗೆಯ ಕೈ ಬಾಗಿಲಕ್ಕನ ಕೈಯೊಳಗೆ ತಣ್ಣಗಾಯಿತು, ಬಿಡಿಸಿಕೊಳ್ಳಲು ನೋಡಿತು. ಬಾಗಿಲಕ್ಕ ಬಿಡಲಿಲ್ಲ. ಬೆಂಚಿನ ಕಡೆ ತಿರುಗಿ ನಿಂತಳು.

"ನನಗೆ ರಕ್ತ ಹೋಗ್ತಿದೆ," ಎಂದಳು. "ಮುಟ್ಟು ನಿಂತು ಎಷ್ಟೋ ವರ್ಷ ಆದ್ಮೇಲೆ ಮತ್ತೆ ಹೋಗ್ತಿದೆ. ಅತ್ತಿಗೆ ನನ್ನ ಜೊತೆಗೆ ಬಂದಿದ್ದಾರೆ. ಸಾಕಾ ಮಾಸ್ತರೇ, ಇನ್ನೂ ಹೇಳ್ಬೇಕಾ?"

ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು. ಗಂಡಸರೆಲ್ಲ ನೆಲದ ಹಾಸುಗಲ್ಲು ಎಣಿಸುವವರಂತೆ ತಲೆ ತಗ್ಗಿಸಿದರು. ಹೆಂಗಸರು ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದರು. ಬಾಗಿಲಕ್ಕನ ಕಿವಿ ಸುಡುತ್ತಿತ್ತು. ಇಷ್ಟು ದಿನ ಇದನ್ನೇ ತಾನು ಬಂದವರೆಲ್ಲರಿಂದ ಕೇಳುತ್ತಿದ್ದದ್ದು ಎಂಬುದು ಆ ಒಂದು ಕ್ಷಣದಲ್ಲಿ ಅವಳ ಮೈಗೆ ತಿಳಿಯಿತು.

ಒಳಗೆ ಡಾಕ್ಟರು ಎದ್ದು ನಿಂತಿದ್ದರು. ತೆಳು ಬಾಗಿಲು, ಎಲ್ಲ ಕೇಳಿಸಿತ್ತು. ಯಾವಾಗಿನಿಂದ ಎಂದು ಬಾಗಿಲಕ್ಕನನ್ನು ಕೇಳಿದರು. ಅವಳು ನನಗಲ್ಲ ಎಂದು ತಲೆಯಾಡಿಸಿ, ಅತ್ತಿಗೆಯನ್ನು ಮುಂದೆ ಬಿಟ್ಟಳು. ಡಾಕ್ಟರು ಮೆಲ್ಲಗೆ ಹೇಳಮ್ಮ, ಹೊರಗೆ ಕೇಳಿಸುತ್ತದೆ ಎಂದರು. ಆಮೇಲೆ ಒಳಬಾಗಿಲು ಭದ್ರವಾಗಿ ಹಾಕಿ, ತಮ್ಮ ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ಅವಳ ಎದುರು ಕೂತರು. ಅತ್ತಿಗೆ ಮೊದಲು ತಡವರಿಸಿದಳು. ಒಮ್ಮೆ ಶುರು ಮಾಡಿದ ಮೇಲೆ ನಿಲ್ಲಲಿಲ್ಲ. ಬಾಗಿಲಕ್ಕ ಗೋಡೆಗೆ ಮುಖ ಮಾಡಿ ನಿಂತು ಎಲ್ಲ ಕೇಳಿದಳು: ಲಾಂಡ್ರಿಯಲ್ಲಿ ಬಿಳಿ ಚಾದರಗಳ ನಡುವೆ ಹೆದರಿ ಹೆದರಿ ನಿಂತದ್ದು, ಕೈಚೀಲದಲ್ಲಿ ಬದಲಿ ಬಟ್ಟೆ ಹೊತ್ತು ತಿರುಗಿದ್ದು, ಅಣ್ಣ ಮನೆಯಲ್ಲಿದ್ದ ದಿನಗಳಲ್ಲಿ ಬಚ್ಚಲಲ್ಲೇ ಹೊತ್ತು ಕಳೆದದ್ದು. ಪಕ್ಕದ ಹಾಸಿಗೆಯಲ್ಲಿ ತಾನು ಗೊರಕೆ ಹೊಡೆಯುತ್ತಿದ್ದಾಗ ಇಷ್ಟೆಲ್ಲ ನಡೆದಿತ್ತು.

"ಇಷ್ಟು ಸಲ ಬಿಪಿ ನೋಡಿದೀನಲ್ಲಮ್ಮ," ಎಂದರು ಡಾಕ್ಟರು. "ಎಲ್ಲ ಸರಿ ತಾನೆ ಅಂತ ಪ್ರತಿ ಸಲ ಕೇಳಿದೆ."

"ಕೇಳ್ತಿದ್ರಿ ಡಾಕ್ಟ್ರೇ. ಕೇಳ್ತಾ ಕಾಲಲ್ಲಿ ಚಪ್ಪಲಿ ಹುಡುಕ್ತಿದ್ರಿ."

ಡಾಕ್ಟರು ಮೇಜಿನ ಅಡಿಯಲ್ಲಿದ್ದ ತಮ್ಮ ಚಪ್ಪಲಿಗಳನ್ನು ನೋಡಿದರು. ಅತ್ತಿಗೆ ಅದನ್ನು ಚುಚ್ಚಲು ಹೇಳಿದ್ದಲ್ಲ, ಪಾಪ ಮನುಷ್ಯ ಎಷ್ಟು ದಣಿದಿರುತ್ತಿದ್ದರು ಎಂದು ಕನಿಕರದಿಂದಲೇ ಹೇಳಿದ್ದು, ಅದಕ್ಕೇ ಹೆಚ್ಚು ನಾಟಿತು. ಅವರು ಚೀಟಿ ಬರೆದು ಕೊಟ್ಟು ಸುಮ್ಮನಾಗಲಿಲ್ಲ, ತಾವೇ ದೊಡ್ಡಾಸ್ಪತ್ರೆಗೆ ಫೋನ್ ಮಾಡಿ, ಯಾರನ್ನೋ ಗದರಿ, ಇನ್ಯಾರನ್ನೋ ಬೇಡಿಕೊಂಡು, ಅವತ್ತೇ ನೋಡುವಂತೆ ಮಾಡಿದರು.

ಹೊರಗೆ ಬರುವಾಗ ಕೆಮ್ಮಜ್ಜಿ ಬಾಗಿಲಕ್ಕನ ಮಣಿಕಟ್ಟು ಹಿಡಿದು ಕೆಳಗೆಳೆದಳು. ಎಲುಬಿನ ಕೈ, ಹಿಡಿತ ಮಾತ್ರ ಇಕ್ಕಳದ್ದು. ಕಿವಿಯ ಹತ್ತಿರ ಬಾಯಿ ತಂದು, "ನನ್ನದೂ ಕೆಮ್ಮಲ್ಲ," ಎಂದಳು. ಕೆಮ್ಮಿದಾಗಲೆಲ್ಲ ಬಟ್ಟೆ ಒದ್ದೆಯಾಗುತ್ತದೆ, ಅದಕ್ಕೆ ಔಷಧಿ ಕೇಳಬೇಕೆಂದು ಬರುತ್ತಿದ್ದಳಂತೆ. ಪ್ರತಿ ಸಲ ಕೆಮ್ಮಿನ ಸಿರಪ್ ತೆಗೆದುಕೊಂಡು ಹೋಗುತ್ತಿದ್ದಳಂತೆ. ಎಲ್ಲರ ಕೇಸಿನಲ್ಲೂ ಮೂಗು ತೂರಿಸುತ್ತಿದ್ದ ಮುದುಕಿ ತನ್ನದನ್ನು ಮಾತ್ರ ಇಷ್ಟು ಚೆನ್ನಾಗಿ ಮುಚ್ಚಿಟ್ಟುಕೊಂಡಿದ್ದಳು.

ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಗರ್ಭಕೋಶದಲ್ಲಿ ಗಡ್ಡೆ, ಕೆಟ್ಟದ್ದು. ಆಪರೇಷನ್ ಮಾಡಿ ತೆಗೆದರು, ಸ್ವಲ್ಪ ಆಚೆಗೂ ಹಬ್ಬಿತ್ತು, ಇನ್ನು ಮುಂದೆ ಔಷಧಿ, ಕರೆಂಟು ಚಿಕಿತ್ಸೆ, ಅಲೆದಾಟ. ಅಣ್ಣ ಲಾರಿ ಬಿಟ್ಟು ಓಡಿ ಬಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಹಣೆ ಒತ್ತಿ ನಿಂತ. ಅಲ್ಲಿನ ಲೇಡಿ ಡಾಕ್ಟರು ಒಳ್ಳೆಯವರು, ಧೈರ್ಯ ಹೇಳಿದರು. ಆದರೆ ಹೊರಡುವ ಮೊದಲು ಬಾಗಿಲಕ್ಕನನ್ನು ಪಕ್ಕಕ್ಕೆ ಕರೆದು, ಗೆಲ್ಲಬಹುದು, ಖಂಡಿತ ಅಂತ ಹೇಳಲಾರೆ, ಚಳಿಗಾಲದಲ್ಲೇ ಬಂದಿದ್ದರೆ ಹೇಳುತ್ತಿದ್ದೆ ಎಂದರು. ಆ ಮಾತನ್ನು ಬಾಗಿಲಕ್ಕ ತನ್ನೊಳಗೇ ಇಟ್ಟುಕೊಂಡಳು. ಅತ್ತಿಗೆಗೆ ಹೇಳಲಿಲ್ಲ. ಅತ್ತಿಗೆ ಕೇಳಲೂ ಇಲ್ಲ.

ಕ್ಲಿನಿಕ್ಕಿನಲ್ಲಿ ಎಲ್ಲರೂ ಆಪರೇಷನ್ ಆದದ್ದು ಬಾಗಿಲಕ್ಕನಿಗೇ, ಅತ್ತಿಗೆ ಲಾಂಡ್ರಿ ಬಿಟ್ಟದ್ದು ಅವಳ ಆರೈಕೆಗೆ ಎಂದುಕೊಂಡರು. ರಜೆ ಮುಗಿಸಿ ಬಂದಾಗ ಅವಳ ಕುರ್ಚಿಗೆ ಯಾರೋ ದಿಂಬು ಹಾಕಿಟ್ಟಿದ್ದರು. ಬಗ್ಗಬೇಡಿ, ಭಾರ ಎತ್ತಬೇಡಿ ಎಂದು ಮಾಸ್ತರರು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಅವಳು ಅಲ್ಲಗಳೆಯಲಿಲ್ಲ. ಅತ್ತಿಗೆ ಮತ್ತೆ ಆ ಬೆಂಚಿನಲ್ಲಿ ತಲೆ ಎತ್ತಿ ಕೂರಬೇಕಾದರೆ ಈ ಸುಳ್ಳು ಹಾಗೇ ಉಳಿಯಬೇಕಾಗಿತ್ತು. ಬೆಂಚಿನ ವಿಚಾರಣೆಯನ್ನು ಮಾತ್ರ ಅವಳು ಮುಗಿಸಿದಳು. ಈಗ ಬಂದವರ ಪಕ್ಕ ತಾನೇ ಹೋಗಿ ಕೂತು, ಕಿವಿ ಕೊಟ್ಟು, ಕೇಳಿ ಬರುತ್ತಾಳೆ. ಕಳಿಸುವುದೂ ಅವಳೇ, ಬೈಸಿಕೊಳ್ಳುವುದೂ ಅವಳೇ. ಮೊದಲಿನ ಜಗಳಗಳು ಅರ್ಧಕ್ಕರ್ಧ ವಾಪಸ್ ಬಂದಿವೆ. ಮಾಸ್ತರರು ಅಧಿಕಾರ ಕಳೆದುಕೊಂಡು ಪೇಪರು ಓದುತ್ತಾರೆ. ವ್ಯಾನಿನವನನ್ನು ಶಾಲೆಯ ಗೇಟಿನಲ್ಲಿ ಕಾದು ಹಿಡಿದು ತಂದದ್ದಾಯಿತು. ಡಾಕ್ಟರು ಕೊನೆಯ ರೋಗಿ ಎದ್ದು ಹೋಗುವವರೆಗೆ ಚಪ್ಪಲಿಗಳನ್ನು ಕಪಾಟಿನೊಳಗೆ ಇಡುತ್ತಾರೆ. ಸಂಜೆಯ ಹೊತ್ತಿಗೆ ಡಾಕ್ಟರು, ಬಾಗಿಲಕ್ಕ ಇಬ್ಬರೂ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ.

ಒಂದು ಸಂಜೆ ಬಾಗಿಲಕ್ಕ ಹಾಗೇ ಹೈರಾಣಾಗಿ ಮನೆಗೆ ಬಂದಳು. ಅತ್ತಿಗೆ ಕಿಟಕಿಯ ಪಕ್ಕ ಮಲಗಿದ್ದಳು. ಔಷಧಿಯಿಂದ ಕೂದಲು ಉದುರಿ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಇವಳ ಹೆಜ್ಜೆ ಕೇಳಿದ್ದೇ ಎದ್ದು ಕೂರಲು ನೋಡಿದಳು, ಟೀಗೆ ನೀರಿಡುತ್ತೇನೆ ಎಂದಳು. ಬಾಗಿಲಕ್ಕ ಅವಳನ್ನು ಮಲಗಿಸಿ, ಇವತ್ತು ಹೇಗಿದೆ, ಎಲ್ಲಿ ನೋವು ಎಂದು ಕೇಳಿದಳು. ಅತ್ತಿಗೆ ಅವಳ ಮುಖವನ್ನೊಮ್ಮೆ, ಊದಿದ ಕಾಲನ್ನೊಮ್ಮೆ ನೋಡಿದಳು.

"ನೀನು ಸುಸ್ತಾಗಿದ್ದೀಯ," ಎಂದಳು. "ನಾಳೆ ಹೇಳ್ತೀನಿ ಬಿಡು."

ಬಾಗಿಲಕ್ಕ ಎದ್ದು ಹೋಗಿ ಚಪ್ಪಲಿಗಳನ್ನು ಬಾಗಿಲಾಚೆ ಬಿಟ್ಟು ಬಂದಳು. ಮಣೆಯನ್ನು ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡು ಕೂತಳು. ಕಣ್ಣು ಎಳೆಯುತ್ತಿದ್ದವು, ಸೊಂಟ ಸಿಡಿಯುತ್ತಿತ್ತು, ಕಿವಿಯಲ್ಲಿ ಇಡೀ ದಿನದ ಬೇನೆಗಳು ಇನ್ನೂ ಗುಂಯ್‌ಗುಡುತ್ತಿದ್ದವು.

"ಹೂಂ, ಸುಸ್ತಾಗಿದೆ," ಎಂದಳು. "ಇವತ್ತೇ ಹೇಳಿ ಅತ್ತಿಗೆ."

ಅತ್ತಿಗೆ ಅವಳ ಕಡೆಗೆ ಹೊರಳಿ, ನಿಧಾನವಾಗಿ ಹೇಳತೊಡಗಿದಳು.